ಡೇಟಾ ಸೆಂಟರ್ ಯಾವ ಮಹಡಿಯಲ್ಲಿರಬೇಕು?

ಇನ್ಫರ್ಮೇಶನ್ ಸೆಕ್ಯುರಿಟಿ (ಮಾಹಿತಿ ಸುರಕ್ಷತೆ) ಪರೀಕ್ಷೆಗೆ ಓದುತ್ತಿರುವವರಿಗೆ ಈ ಪ್ರಶ್ನೆ ಹೊಸದಲ್ಲ. ಏಳೆಂಟು ಮಹಡಿಯ ಕಟ್ಟಡದಲ್ಲಿ ಡೇಟಾ ಸೆಂಟರ್, ಅಂದರೆ ಸರ್ವರ್ ಕಂಪ್ಯೂಟರ್‌ಗಳ ರೂಮ್, ಎಲ್ಲಿಡುತ್ತೀರಿ? ಉತ್ತರ ಬಾಯಿಪಾಠ: ನಡುವಿನ ಮಹಡಿ, ಅದರಲ್ಲೂ ಕಟ್ಟಡದ ನಟ್ಟನಡುವೆ, ಹೊರಗೋಡೆಗೆ ತಾಗದ, ಕಿಟಕಿ ಇಲ್ಲದ ಜಾಗ. ಬೇಸ್‌ಮೆಂಟಿಗೆ ನೀರು ನುಗ್ಗುತ್ತದೆ. ನೆಲಮಹಡಿಗೆ ಯಾರು ಬೇಕಾದರೂ ಬರಬಹುದು, ಗಾಡಿಯನ್ನೇ ತಂದು ಗುದ್ದಬಹುದು. ತೀರಾ ಮೇಲಿದ್ದರೆ ತಾರಸಿ ಸೋರುತ್ತದೆ, ಬೆಂಕಿ ಬಿದ್ದಾಗ ಅಗ್ನಿಶಾಮಕದವರು ತಲುಪುವುದು ತಡ.

ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ನನಗೆ ಮಹಡಿಯ ನಂಬರಿಗಿಂತ ಮುಖ್ಯ ಅನಿಸುವುದು ಆ ರೂಮಿನ ಮೇಲೆ, ಕೆಳಗೆ, ಪಕ್ಕದಲ್ಲಿ ಏನಿದೆ ಅನ್ನುವುದು.

2012ರ ಅಕ್ಟೋಬರ್ ಕೊನೆಯಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಡಿಯಿತಲ್ಲ, ಆಗ ಮ್ಯಾನ್‌ಹಟನ್ನಿನ 75 ಬ್ರಾಡ್ ಸ್ಟ್ರೀಟ್ ಕಟ್ಟಡದಲ್ಲಿ ಪಿಯರ್ 1 ಕಂಪನಿಯ ಸರ್ವರ್‌ಗಳೂ ಜನರೇಟರೂ ಎತ್ತರದಲ್ಲೇ ಇದ್ದವು, ಪ್ರವಾಹ ಅಲ್ಲಿಗೆ ಮುಟ್ಟುವ ಮಾತೇ ಇಲ್ಲ, ಆದರೆ ಡೀಸೆಲ್ಲನ್ನು ಮೇಲಕ್ಕೆತ್ತುವ ಪಂಪು ಮಾತ್ರ ಬೇಸ್‌ಮೆಂಟಿನಲ್ಲಿತ್ತು. ಅದು ಮುಳುಗಿತು. ಕೊನೆಗೆ ಸಿಬ್ಬಂದಿ ಮತ್ತು ಗ್ರಾಹಕ ಕಂಪನಿಗಳ ಜನ ಮೆಟ್ಟಿಲ ಮೇಲೆ ಸಾಲಾಗಿ ನಿಂತು, ಬಕೆಟ್ಟುಗಳಲ್ಲಿ ಡೀಸೆಲ್ ತುಂಬಿ 17 ಮಹಡಿ ಹತ್ತಿಸಿದರು!

ದಕ್ಷಿಣ ಕೊರಿಯಾದ ದೇಜಾನ್‌ನಲ್ಲಿ 2025ರ ಸೆಪ್ಟೆಂಬರ್ 26ರಂದು ನಡೆದದ್ದು ಇದರ ಇನ್ನೊಂದು ಮುಖ. ಸರ್ಕಾರಿ ಡೇಟಾ ಸೆಂಟರಿನ ಐದನೇ ಮಹಡಿ. ಸರ್ವರ್ ಇದ್ದ ಕಡೆಯೇ ಯುಪಿಎಸ್‌ನ (ಕರೆಂಟ್ ಹೋದಾಗ ಸರ್ವರ್ ನಿಲ್ಲದಂತೆ ನೋಡಿಕೊಳ್ಳುವ ಸಾಧನ) ಲಿಥಿಯಂ ಬ್ಯಾಟರಿಗಳೂ ಇದ್ದವು. ಅವನ್ನು ಬೇರೆ ಕಡೆಗೆ ಸಾಗಿಸುವ ಕೆಲಸ ನಡೆಯುತ್ತಿದ್ದಾಗಲೇ ಬೆಂಕಿ ಹತ್ತಿಕೊಂಡಿತು, 600ಕ್ಕೂ ಜಾಸ್ತಿ ಸರ್ಕಾರಿ ಸೇವೆಗಳು ನಿಂತವು. ಹಾಗಾಗಿ ಯುಪಿಎಸ್ ಬ್ಯಾಟರಿಗೆ ಬೆಂಕಿ ತಡೆಯುವ ಗೋಡೆಯಾಚೆ ಬೇರೆಯೇ ರೂಮ್ ಬೇಕು.

ಇನ್ನು ನೀರು. ಮೇಲಿನ ಮಹಡಿಯಲ್ಲಿ ಟಾಯ್ಲೆಟ್ಟೋ ಅಡುಗೆಮನೆಯೋ ಇದ್ದರೆ ಕೆಳಗೆ ಸರ್ವರ್ ಇಡಬೇಡಿ. ನೀರಿನ ಪೈಪು ಆ ರೂಮಿನೊಳಗೆ ಹಾದುಹೋಗುವುದೂ ಬೇಡ.

ಗೋಡೆ ಫಾಲ್ಸ್ ಸೀಲಿಂಗಿನವರೆಗೆ ಮಾತ್ರ ಇದೆಯಾ ಅಂತ ನೋಡಿ. ಹಾಗಿದ್ದರೆ ಪಕ್ಕದ ರೂಮಿನವನು ಒಂದು ಟೈಲ್ ಎತ್ತಿ, ಗೋಡೆ ದಾಟಿ ಒಳಗಿಳಿಯಬಹುದು. ಬಾಗಿಲಿಗೆ ಎಷ್ಟೇ ದುಬಾರಿ ಬಯೋಮೆಟ್ರಿಕ್ ಹಾಕಿದ್ದರೂ ಸುಮ್ನೆ ದಂಡ, ಅಲ್ವಾ? ಗೋಡೆ ಕೆಳಗಿನ ಸ್ಲ್ಯಾಬಿನಿಂದ ಮೇಲಿನ ಸ್ಲ್ಯಾಬಿನವರೆಗೆ ಪೂರ್ತಿ ಏಳಬೇಕು. ರೇಸ್ಡ್ ಫ್ಲೋರ್ (ಕೇಬಲ್ ಹಾಯಿಸಲು ಎತ್ತರಿಸಿ ಹಾಕಿದ ನೆಲ) ಅಡಿಯ ಸಂದಿಗೂ ಇದೇ ಮಾತು.

ಪರೀಕ್ಷೆಯ ಉತ್ತರದಲ್ಲಿ ಜಾಸ್ತಿ ಜನ ಮರೆಯುವುದು ಭಾರ. ಮಾಮೂಲಿ ಕಚೇರಿ ನೆಲವನ್ನು ಚದರ ಮೀಟರಿಗೆ ಸುಮಾರು 250ರಿಂದ 400 ಕೆಜಿ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಸರ್ವರ್‌ಗಳು ತುಂಬಿದ ಒಂದು ರ‍್ಯಾಕ್ 1,000 ಕೆಜಿ ತೂಗಬಹುದು, ಅದು ಕೂರುವ ಜಾಗ ಒಂದು ಚದರ ಮೀಟರೂ ಇರುವುದಿಲ್ಲ. ಸುತ್ತಲಿನ ಓಡಾಟದ ಜಾಗಕ್ಕೆ ಹಂಚಿ ನೋಡಿದರೂ ಲೆಕ್ಕ ಬಿಗಿಯೇ. ನಡುವಿನ ಮಹಡಿ ಆರಿಸುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳಿ, ಜೊತೆಗೆ ಸರಕಿನ ಲಿಫ್ಟ್ ಎಷ್ಟು ತೂಕ ಎತ್ತುತ್ತದೆ ಅಂತಲೂ ನೋಡಿಕೊಳ್ಳಿ.