ಹಾಡಿನಿಂದ ದನಿಯನ್ನು ಬಿಡಿಸುವುದು

ಕ್ಯಾಸೆಟ್ ಕಾಲದಲ್ಲಿ ಇಯರ್‌ಫೋನ್ ಪಿನ್ ಅರ್ಧ ಹೊರಗೆ ಬಂದರೆ ಒಂದು ತಮಾಷೆ ಆಗುತ್ತಿತ್ತು. ವಾದ್ಯಗಳು ಕೇಳುತ್ತಿದ್ದವು, ಹಾಡುವವರು ಮಾತ್ರ ಬಾವಿಗೆ ಬಿದ್ದಂತೆ ಮಾಯ! ಪಿನ್ ಕೆಟ್ಟಿದೆ ಅಂತ ಬೈದುಕೊಂಡು ಒಳಗೆ ಒತ್ತುತ್ತಿದ್ದೆವು. ಕರೋಕೆ ಟ್ರ್ಯಾಕ್ ಮಾಡುವವರು ಎಷ್ಟೋ ವರ್ಷ ನೆಚ್ಚಿಕೊಂಡಿದ್ದ ಉಪಾಯವೇ ಅದು.

ಸ್ಟೀರಿಯೊ ಹಾಡಿನಲ್ಲಿ ಗಾಯಕರ ದನಿ ಸಾಮಾನ್ಯವಾಗಿ ನಡುವೆ ಇರುತ್ತದೆ. ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸಮ. ಎಡದಿಂದ ಬಲವನ್ನು ಕಳೆದರೆ ಸಮವಾಗಿದ್ದದ್ದು ಸೊನ್ನೆಯಾಗುತ್ತದೆ. ಪಿನ್ನಿನಲ್ಲಿ ಎಡ-ಬಲ ಎರಡಕ್ಕೂ ಸೇರಿದ ಗ್ರೌಂಡ್ ಸಂಪರ್ಕ ತಪ್ಪಿದಾಗ ಆಗುವುದೂ ಇದೇ ಲೆಕ್ಕ. ಆದರೆ ಬೇಸ್ ಗಿಟಾರ್, ಡ್ರಮ್ ಕೂಡ ಹೆಚ್ಚಾಗಿ ನಡುವೆಯೇ ಇರುತ್ತವೆ, ಅವೂ ಹೋಗುತ್ತವೆ. ದನಿಯ ಎಕೋ ಮಾತ್ರ ಎರಡೂ ಕಡೆ ಬೇರೆಬೇರೆಯಾಗಿ ಹರಡಿರುವುದರಿಂದ ದೆವ್ವದ ಹಾಗೆ ಉಳಿದುಬಿಡುತ್ತದೆ. ಮೋನೋದಲ್ಲಿದ್ದ, ಅಂದರೆ ಎರಡೂ ಕಡೆ ಒಂದೇ ಸದ್ದಿದ್ದ ನಮ್ಮ ಹಳೆಯ ಸಿನಿಮಾ ಹಾಡುಗಳಿಗೆ ಹೀಗೆ ಮಾಡಿದರಂತೂ ಏನೂ ಕೇಳಿಸದು.

ದನಿ ಎಲ್ಲಿದೆ ಅನ್ನುವುದಷ್ಟೇ ಈ ಲೆಕ್ಕಕ್ಕೆ ಗೊತ್ತು. ದನಿ ಹೇಗಿರುತ್ತದೆ ಅಂತ ಗೊತ್ತಿಲ್ಲ. ಅದನ್ನು ಕಲಿತದ್ದು ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ. ಪೂರ್ತಿ ಹಾಡನ್ನೂ ಅದರ ದನಿ, ಡ್ರಮ್, ಬೇಸ್‌ಗಳ ಬಿಡಿ ಟ್ರ್ಯಾಕ್‌ಗಳನ್ನೂ ಒಟ್ಟಿಗೆ ಕೊಟ್ಟು ಕಲಿಸುತ್ತಾರೆ. 2017ರಲ್ಲಿ ಬಂದ ಮ್ಯೂಸ್‌ಡಿಬಿ18 ಸಂಗ್ರಹದಲ್ಲಿ ಇಂಥ 150 ಹಾಡುಗಳಿದ್ದವು. 2019ರಲ್ಲಿ ಆನ್‌ಲೈನಿನಲ್ಲಿ ಹಾಡು ಕೇಳಿಸುವ ಡೀಜರ್ ಕಂಪನಿ ಹಾಡನ್ನು ಹೀಗೆ ಬಿಡಿಸುವ 'ಸ್ಪ್ಲೀಟರ್' ಸಾಫ್ಟ್‌ವೇರನ್ನು ಪುಕ್ಕಟೆ ಬಿಟ್ಟಿತು. ಸ್ಟುಡಿಯೋ ಕೆಲಸ ಮನೆಯ ಲ್ಯಾಪ್‌ಟಾಪಿಗೆ ಬಂತು.

ದೊಡ್ಡ ಸುದ್ದಿ ಆಮೇಲಿನದು. ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ 1970ರ ದಶಕದ ಕೊನೆಯಲ್ಲಿ ಮನೆಯಲ್ಲೇ ಪಿಯಾನೋ ನುಡಿಸುತ್ತಾ ಒಂದು ಹಾಡನ್ನು ಕ್ಯಾಸೆಟ್ಟಿಗೆ ಹಾಡಿಟ್ಟಿದ್ದರು. 1995ರಲ್ಲಿ ಬ್ಯಾಂಡಿನ ಉಳಿದ ಮೂವರು ಅದನ್ನು ಪೂರ್ತಿ ಮಾಡಲು ಹೊರಟು ಕೈಬಿಟ್ಟರು. ಪಿಯಾನೋ ಸದ್ದಿನಲ್ಲಿ ದನಿ ಹೂತುಹೋಗಿತ್ತು, ಜೊತೆಗೆ ಕರೆಂಟಿನ ಗುಂಯ್ ಬೇರೆ. ಕೊನೆಗೆ ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ಸಾಫ್ಟ್‌ವೇರ್ ದನಿಯನ್ನು ಬಿಡಿಸಿಕೊಟ್ಟಿತು. 2023ರ ನವೆಂಬರ್‌ನಲ್ಲಿ 'ನೌ ಅಂಡ್ ದೆನ್' ಹೆಸರಿನಲ್ಲಿ ಆ ಹಾಡು ಬಿಡುಗಡೆಯಾಯಿತು.

ನಮ್ಮ ಸಂಗೀತ ಕಚೇರಿಗಳ ರೆಕಾರ್ಡಿಂಗ್ ಮಾತ್ರ ಇನ್ನೂ ಕಗ್ಗಂಟು. ಹಾಡುವವರು ಹಿಡಿದ ಸ್ವರ, ಗಮಕವನ್ನೇ ಪಿಟೀಲು ನೆರಳಿನಂತೆ ಹಿಂಬಾಲಿಸುತ್ತದೆ, ಅಲ್ವಾ? ಕಲಿಸೋಣವೆಂದರೆ ಅಚ್ಚುಕಟ್ಟಾದ ಬಿಡಿ ಟ್ರ್ಯಾಕ್ ಸಿಗುವುದೂ ಕಷ್ಟ. ಒಂದೇ ವೇದಿಕೆಯಲ್ಲಿ ಕೂತಾಗ ಪಿಟೀಲಿನ ಮೈಕ್‌ಗೆ ದನಿಯೂ ಬೀಳುತ್ತದೆ, ದನಿಯ ಮೈಕ್‌ಗೆ ಮೃದಂಗವೂ ಬೀಳುತ್ತದೆ.