ಹೆಸರು ಒಂದೇ, ಡೋಸ್ ಒಂದೇ ಅಲ್ಲ

2021ರ ಮೇ ತಿಂಗಳಲ್ಲಿ ಬ್ಲ್ಯಾಕ್ ಫಂಗಸ್ ರೋಗಿಗಳ ಮನೆಯವರು ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದರು. ಚೀಟಿಯಲ್ಲಿ ಇರುತ್ತಿದ್ದದ್ದು 'ಲೈಪೋಸೋಮಲ್ ಆಂಫೊಟೆರಿಸಿನ್ ಬಿ', ಶಿಲೀಂಧ್ರ ಕೊಲ್ಲುವ ಇಂಜೆಕ್ಷನ್. ಆಸ್ಪತ್ರೆ ಫಾರ್ಮಸಿಯಲ್ಲಿ ನಮ್ಮನ್ನು ಎಷ್ಟೋ ಜನ ಕೇಳಿದರು: "ಅದಿಲ್ಲ ಅಂದ್ರೆ ಸಾದಾ ಆಂಫೊಟೆರಿಸಿನ್ನೇ ಕೊಡಿ ಸರ್, ಎರಡೂ ಒಂದೇ ಅಲ್ವಾ?"

ಒಳಗಿನ ಔಷಧಿ ಒಂದೇ, ನಿಜ. ಅದು 1950ರ ದಶಕದ್ದು. ಶಿಲೀಂಧ್ರದ ಕೋಶದ ಪೊರೆಯಲ್ಲಿರುವ ಕೊಬ್ಬಿನಂಥ ವಸ್ತು ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ಪೊರೆಯನ್ನೇ ತೂತು ಮಾಡುತ್ತದೆ. ಆದರೆ ನಮ್ಮ ಕೋಶಗಳ ಕೊಲೆಸ್ಟೆರಾಲ್‌ಗೂ ಸ್ವಲ್ಪ ಅಂಟುತ್ತದೆ. ಪೆಟ್ಟು ಜಾಸ್ತಿ ಬೀಳುವುದು ಕಿಡ್ನಿಗೆ. ಜೊತೆಗೆ ಚಳಿಜ್ವರ, ನಡುಕ.

ಲೈಪೋಸೋಮ್ ಅಂದರೆ ಕೊಬ್ಬಿನ ಅಣುಗಳ ಪುಟ್ಟ ಗುಳ್ಳೆ. ಅಗಲ 100 ನ್ಯಾನೋಮೀಟರ್‌ಗೂ ಕಡಿಮೆ. ನಮ್ಮ ಕೆಂಪು ರಕ್ತಕಣ 7,000ದ ಆಸುಪಾಸಿನದು. ಔಷಧಿ ಈ ಗುಳ್ಳೆಯ ಗೋಡೆಯಲ್ಲೇ ಕೂತು ರಕ್ತದಲ್ಲಿ ಸಾಗುತ್ತದೆ. ಶಿಲೀಂಧ್ರಕ್ಕೆ ತಾಗಿದ ಮೇಲೆ ಅದಕ್ಕೆ ದಾಟಿಕೊಳ್ಳುತ್ತದೆ. ಕಿಡ್ನಿಗೆ ಬೀಳುವ ಪಾಲು ಕಡಿಮೆಯಾಗುತ್ತದೆ.

ಬಿಹಾರದ ಕಡೆ ಕಾಣುವ ಪರಾವಲಂಬಿ ರೋಗ ಕಾಲಾ ಅಜಾರ್‌ನಲ್ಲಿ ಇದು ಇನ್ನೂ ಸೊಗಸಾಗಿ ಕೆಲಸ ಮಾಡುತ್ತದೆ. ರಕ್ತದಲ್ಲಿ ಓಡಾಡುವ ಇಂಥ ಕಣಗಳನ್ನು ಲಿವರ್ ಮತ್ತು ಗುಲ್ಮದ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ನುಂಗುತ್ತವೆ. ಆ ರೋಗದ ಪರಾವಲಂಬಿ ಅಡಗಿ ಕೂತಿರುವುದೂ ಅವುಗಳೊಳಗೇ! ಹಾಗಾಗಿ ದೇಹದ ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನಂತೆ ಒಂದೇ ಒಂದು ಡೋಸ್ ಅಲ್ಲಿನ ಚಿಕಿತ್ಸೆಯಾಗಿದೆ. ನ್ಯಾನೋ ಔಷಧಿಗಳಲ್ಲಿ ನನಗೆ ಬಹಳ ಇಷ್ಟವಾದ ಉದಾಹರಣೆ ಇದು.

ಈಗ ಅಪಾಯದ ಮಾತು. ಬ್ಲ್ಯಾಕ್ ಫಂಗಸ್‌ಗೆ ಲೈಪೋಸೋಮಲ್ ರೂಪವನ್ನು ಸಾಮಾನ್ಯವಾಗಿ ದಿನಕ್ಕೆ ಕಿಲೋಗೆ 5 ಮಿಲಿಗ್ರಾಂ ಕೊಡುತ್ತಾರೆ. 60 ಕಿಲೋ ತೂಕದವರಿಗೆ 300 ಮಿಲಿಗ್ರಾಂ, ಅಂದರೆ 50 ಮಿಲಿಗ್ರಾಂನ ಆರು ವಯಲ್ (ಪುಟ್ಟ ಸೀಸೆ). ಸಾದಾ ರೂಪಕ್ಕೆ ದಿನಕ್ಕೆ ಕಿಲೋಗೆ 1.5 ಮಿಲಿಗ್ರಾಂ ದಾಟುವಂತಿಲ್ಲ. ಅದೇ 300 ಮಿಲಿಗ್ರಾಂ ಸಾದಾ ಔಷಧಿ ಒಳಗೆ ಹೋದರೆ ಹೃದಯವೇ ನಿಂತುಹೋಗಬಹುದು. ಆದ್ದರಿಂದ ಬರೀ 'ಆಂಫೊಟೆರಿಸಿನ್' ಎಂದು ಬರೆದ ಚೀಟಿ ಬಂದರೆ, ವೈದ್ಯರಿಗೆ ಫೋನ್ ಮಾಡದೆ ನಾನು ಔಷಧಿ ಕೊಡುವುದಿಲ್ಲ. ಮನೆಯವರು ಕಾಯಬೇಕಾಗುತ್ತದೆ, ಬೇಸರವಾಗುತ್ತದೆ. ಆದರೂ ಕೊಡುವುದಿಲ್ಲ.

ಲೈಪೋಸೋಮಲ್ ಅಂದ ಮಾತ್ರಕ್ಕೆ ಕಿಡ್ನಿ ಪೂರ್ತಿ ಸುರಕ್ಷಿತ ಎಂದೂ ಅಲ್ಲ. ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ಅಳತೆ), ಪೊಟ್ಯಾಸಿಯಂ ಪರೀಕ್ಷೆಗೆ ಮತ್ತೆ ಮತ್ತೆ ರಕ್ತ ತೆಗೆಯುತ್ತಾರೆ. "ಸುಮ್ನೆ ಯಾಕೆ ಇಷ್ಟೊಂದು ಟೆಸ್ಟು?" ಎಂದು ಬೇಡ ಅನ್ನಬೇಡಿ. ಈ ಔಷಧಿಯಿಂದ ಪೊಟ್ಯಾಸಿಯಂ ಇಳಿದಿದ್ದು ಬೇಗ ಗೊತ್ತಾದರೆ ಡ್ರಿಪ್‌ನಲ್ಲೇ ಸರಿಪಡಿಸಬಹುದು.