ಬೆಕ್ಕು ಕಚ್ಚಿದ ಹಾವು: ಸೂಜಿ ಚುಚ್ಚಿದಷ್ಟು ಗಾಯ, ವಾರಗಟ್ಟಲೆ ಆರೈಕೆ

ನೋಡಿದರೆ ಏನೂ ಆಗಿಲ್ಲ ಅನ್ನಿಸುವ ಗಾಯ ಇದು. ಅದಕ್ಕೇ ಇದರ ಬಗ್ಗೆ ಬರೆಯಬೇಕು ಅನ್ನಿಸಿತು. ನಾನು ಇಂಗ್ಲೆಂಡಿನಲ್ಲಿ ವೆಟರ್ನರಿ ನರ್ಸಿಂಗ್ ಓದುತ್ತಿದ್ದೇನೆ. ಇಲ್ಲಿ ಕಾರ್ನ್ ಸ್ನೇಕ್ ಸಾಕೋಕೆ ಲೈಸೆನ್ಸ್ ಬೇಕಿಲ್ಲ, ಹಾಗಾಗಿ ಸಾಕುವವರು ಜಾಸ್ತಿ. ಅಮೆರಿಕದ ಆಗ್ನೇಯ ಭಾಗದ ಹಾವು ಇದು. ವಿಷ ಇಲ್ಲ, ಸ್ವಭಾವ ಸೌಮ್ಯ, ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ. ಅದೇ ಮನೆಯಲ್ಲಿ ಬೆಕ್ಕೂ ಇದ್ದರೆ ತೊಂದರೆ ಶುರು.

ನನ್ನ ಸಹಪಾಠಿಯ ಮನೆಯಲ್ಲಿ ಹಾಗೇ ಆಯಿತು. ಪೆಟ್ಟಿಗೆಯ ಮುಚ್ಚಳಕ್ಕೆ ಚಿಲಕ ಬಿದ್ದಿರಲಿಲ್ಲ. ಹಾವು ಹೊರಗೆ ಬಂದು ಸೋಫಾ ಕೆಳಗೆ ಹರಿದಿದೆ, ಬೆಕ್ಕು ಹಿಡಿದಿದೆ. ಹಾವಿನ ಉದ್ದ 110 ಸೆಂಟಿಮೀಟರ್, ತೂಕ 320 ಗ್ರಾಂ. ಮೂತಿಯಿಂದ ಸುಮಾರು 45 ಸೆಂಟಿಮೀಟರ್ ಹಿಂದೆ ಎರಡು ಚುಕ್ಕೆ. ಒಂದು ಕಡೆ ಒಂದೇ ಒಂದು ಹುರುಪೆ (ಹಾವಿನ ಚರ್ಮದ ಮೇಲಿನ ಬಿಲ್ಲೆ) ಮೇಲೆದ್ದು, ಅದರ ಬುಡದಲ್ಲಿ ಸಾಸಿವೆ ಕಾಳಿನಷ್ಟು ರಕ್ತ ಒಣಗಿತ್ತು. ಇನ್ನೊಂದು ಚುಕ್ಕೆಯಂತೂ ಟಾರ್ಚ್ ಹಿಡಿದು ಹುರುಪೆಗಳನ್ನು ಬೆರಳಲ್ಲಿ ಸ್ವಲ್ಪ ಬಿಡಿಸಿ ನೋಡಿದ ಮೇಲೇ ಕಂಡಿದ್ದು. "ಇಷ್ಟೇನಾ, ನಾಳೆ ನೋಡೋಣ" ಅಂದಳು ಅವಳು. ಆ "ನಾಳೆ" ಬೇಡ. ಯಾಕೆ ಅಂತ ಮೊದಲು ಅರ್ಥ ಮಾಡಿಕೊಳ್ಳೋಣ.

ಸಣ್ಣ ತೂತು ಯಾಕೆ ದೊಡ್ಡ ವಿಷಯ

ಬೆಕ್ಕಿನ ಕೋರೆಹಲ್ಲು ತೆಳ್ಳಗೆ, ಉದ್ದ, ಸೂಜಿಯಂತೆ ಚೂಪು. ಅದು ಚರ್ಮವನ್ನು ಹರಿಯುವುದಿಲ್ಲ, ಒಳಕ್ಕೆ ಇಳಿಯುತ್ತದೆ. ಹಲ್ಲು ಹೊರಬಂದ ಕೂಡಲೇ ಚರ್ಮ ಮುಚ್ಚಿಕೊಳ್ಳುತ್ತದೆ. ಬೆಕ್ಕಿನ ಬಾಯಲ್ಲಿ ಸಾಮಾನ್ಯವಾಗಿ ಇರುವ ಪಾಶ್ಚುರೆಲ್ಲಾ ಮುಂತಾದ ಬ್ಯಾಕ್ಟೀರಿಯಾ ಒಳಗೇ ಉಳಿದುಬಿಡುತ್ತವೆ. ಮೇಲೆ ತೊಳೆದರೆ ಅವು ನೀರಿಗೆ ಸಿಗುವುದಿಲ್ಲ.

ಇದಕ್ಕೆ ಹಾವಿನ ದೇಹದ ಒಂದು ಗುಣ ಸೇರಿಕೊಳ್ಳುತ್ತದೆ. ನಮಗೆ ಬಾವು ಬಂದರೆ ಕೀವು ನೀರಾಗಿ ಒಡೆದು ಹೊರಗೆ ಹರಿಯುತ್ತದೆ. ನಮ್ಮ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳಲ್ಲಿ ಅದನ್ನು ಕರಗಿಸುವ ಕಿಣ್ವಗಳಿವೆ. ಹಾವಿನಲ್ಲಿ ಅವುಗಳ ಜಾಗದಲ್ಲಿ ಇರುವುದು ಹೆಟೆರೋಫಿಲ್ ಎಂಬ ಬಿಳಿ ರಕ್ತಕಣ. ಅದಕ್ಕೆ ಕೀವನ್ನು ಹಾಗೆ ಕರಗಿಸಲು ಆಗುವುದಿಲ್ಲ. ಹಾಗಾಗಿ ಹಾವಿನ ಕೀವು ಗಟ್ಟಿ, ಪುಡಿಯಾಗುವ ಪನೀರಿನ ಹಾಗೆ. ತಾನಾಗಿ ಒಡೆದು ಹೋಗುವುದಿಲ್ಲ, ವೈದ್ಯರು ಕೊಯ್ದು ಗಂಟನ್ನೇ ತೆಗೆಯಬೇಕಾಗುತ್ತದೆ. ಕಚ್ಚಿದ ದಿನವೇ ಆಂಟಿಬಯೋಟಿಕ್ ಶುರು ಮಾಡಿದರೆ ಈ ಹಂತ ತಪ್ಪುವ ಸಾಧ್ಯತೆ ಹೆಚ್ಚು.

ಹಾವು ನೋವನ್ನು ತೋರಿಸುವುದೂ ಇಲ್ಲ. ಸುಮ್ನೆ ಸುರುಳಿ ಸುತ್ತಿ ಮಲಗಿರುತ್ತದೆ, ನಾವು ಆರಾಮಾಗಿದೆ ಅಂದುಕೊಳ್ಳುತ್ತೇವೆ.

ಎಲ್ಲಿ ಕಚ್ಚಿದೆ ಅಂತ ಅಳೆಯಿರಿ

ನನಗೆ ತುಂಬಾ ಇಷ್ಟವಾದ ಪಾಠ ಇದು. ಹಾವಿನ ಒಳಗಿನ ಅಂಗಗಳು ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ. ಆದ್ದರಿಂದ ಮೂತಿಯಿಂದ ಗಾಯಕ್ಕೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆದರೆ ಕೆಳಗೆ ಏನಿದೆ ಅಂತ ಊಹಿಸಬಹುದು. ಸುಮಾರಾಗಿ ಮೊದಲ ಮೂರನೇ ಒಂದು ಭಾಗದಲ್ಲಿ ಶ್ವಾಸನಾಳ, ಅನ್ನನಾಳ, ಹೃದಯ. ನಡುವಿನ ಭಾಗದಲ್ಲಿ ಶ್ವಾಸಕೋಶ, ಯಕೃತ್ತು, ಜಠರ. ಕೊನೆಯ ಭಾಗದಲ್ಲಿ ಕರುಳು, ಮೂತ್ರಪಿಂಡ.

ನಮ್ಮ ಹಾವಿನಲ್ಲಿ 110ಕ್ಕೆ 45, ಅಂದರೆ ಸುಮಾರು ಶೇಕಡ 40. ಶ್ವಾಸಕೋಶ ಮತ್ತು ಯಕೃತ್ತಿನ ಜಾಗ. ಕಾರ್ನ್ ಸ್ನೇಕ್‌ನಲ್ಲಿ ಕೆಲಸ ಮಾಡುವುದು ಬಲ ಶ್ವಾಸಕೋಶ ಒಂದೇ, ಎಡದ್ದು ಹೆಸರಿಗಷ್ಟೇ. ಹಾಗಾಗಿ ಇಲ್ಲಿ ಹಲ್ಲು ಆಳಕ್ಕೆ ಇಳಿದಿದ್ದರೆ ಗಂಭೀರ. ಬಾಯಿ ತೆರೆದು ಉಸಿರಾಡುತ್ತಿದೆಯಾ, ಉಸಿರಾಡುವಾಗ ಗಾಯದಲ್ಲಿ ಗುಳ್ಳೆ ಬರುತ್ತಿದೆಯಾ, ಬಾಯಲ್ಲಿ ರಕ್ತ ಇದೆಯಾ ಅಂತ ನೋಡಬೇಕು. ಬೆನ್ನುಮೂಳೆಯನ್ನೂ ಮರೆಯಬೇಡಿ. ಹಾವು ಹರಿಯುವಾಗ ಎಲ್ಲಾದರೂ ಗೂನು ಕಾಣುತ್ತಿದೆಯಾ, ಗಾಯದಿಂದ ಹಿಂದಿನ ಭಾಗ ಸುಮ್ಮನೆ ಎಳೆದುಕೊಂಡು ಬರುತ್ತಿದೆಯಾ? ಇದ್ದರೆ ಎಕ್ಸ್‌ರೇ ಬೇಕೇ ಬೇಕು. ಅಲ್ಲಿಯವರೆಗೆ ಅದನ್ನು ಬಾಗಿಸಬೇಡಿ, ಇಡೀ ಮೈಗೆ ಆಸರೆ ಕೊಟ್ಟು ಎತ್ತಿ.

ಮೊದಲ ಒಂದು ಗಂಟೆ

ಬೆಕ್ಕನ್ನು ಬೇರೆ ಕೋಣೆಗೆ ಹಾಕಿ ಬಾಗಿಲು ಹಾಕಿ. ಗಾಯವನ್ನು ಸಲೈನ್‌ನಿಂದ, ಅಂದರೆ ಶೇಕಡ 0.9 ಉಪ್ಪಿನ ದ್ರಾವಣದಿಂದ, ಸೂಜಿ ತೆಗೆದ ಸಿರಿಂಜಿನಲ್ಲಿ ಮೆಲ್ಲಗೆ ತೊಳೆಯಿರಿ. ಆಮೇಲೆ ತಿಳಿ ಚಹಾದ ಬಣ್ಣಕ್ಕೆ ತೆಳುವಾಗಿಸಿದ ಪೊವಿಡೋನ್ ಅಯೋಡಿನ್ ಹಚ್ಚಬಹುದು. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಬೇಡ, ಅವು ಒಳ್ಳೆಯ ಜೀವಕೋಶಗಳನ್ನೂ ಸುಡುತ್ತವೆ. ನಮ್ಮ ಕಡೆ ಗಾಯ ಅಂದ ಕೂಡಲೇ ಅರಿಶಿನ, ಕಾಫಿ ಪುಡಿ ಒತ್ತುವ ಅಭ್ಯಾಸ ಇದೆಯಲ್ಲ, ಅದೂ ಬೇಡ. ತೂತು ಮುಚ್ಚಿದಷ್ಟೂ ಒಳಗಿನ ಸೋಂಕಿಗೆ ಅನುಕೂಲ. ನೋವು ನಿವಾರಕ ಬೆರೆತ ಮುಲಾಮು, ಮನುಷ್ಯರ ಮಾತ್ರೆ ಯಾವುದನ್ನೂ ಕೊಡಬೇಡಿ.

ಹಾವನ್ನು ದಿಂಬಿನ ಕವರಿಗೆ ಹಾಕಿ ಬಾಯಿ ಕಟ್ಟಿ, ಗಾಳಿಯಾಡುವ ಡಬ್ಬದಲ್ಲಿಡಿ. ಚಳಿಯಿದ್ದರೆ ಪಕ್ಕಕ್ಕೆ ಟವಲ್ ಸುತ್ತಿದ ಬಿಸಿನೀರಿನ ಬಾಟಲಿ. ಅದೇ ದಿನ ಸರೀಸೃಪ ನೋಡುವ ವೈದ್ಯರ ಹತ್ತಿರ ಹೊರಡಿ. ಕೈ ಸೋಪು ಹಾಕಿ ತೊಳೆಯಿರಿ, ಹಾವುಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ, ನಮ್ಮ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಅದೇ ಕಾರಣಕ್ಕೆ ಅಡುಗೆಮನೆ ಸಿಂಕಿನಲ್ಲಿ ಈ ಕೆಲಸ ಮಾಡಬೇಡಿ.

ಔಷಧಿ ಮತ್ತು ಬಿಸಿ, ಎರಡೂ ಒಟ್ಟಿಗೆ

ಹಾವುಗಳಿಗೆ ವೈದ್ಯರು ಹೆಚ್ಚಾಗಿ ಬಳಸುವ ಒಂದು ಆಂಟಿಬಯೋಟಿಕ್ ಸೆಫ್ಟಾಜಿಡೀಮ್. ಪ್ರಮಾಣ ಪ್ರತಿ ಕಿಲೋಗೆ 20 ಮಿಲಿಗ್ರಾಂ, 72 ಗಂಟೆಗೊಮ್ಮೆ. ನಮ್ಮ ಹಾವಿಗೆ ಲೆಕ್ಕ ಹಾಕಿದರೆ 0.32 × 20 = 6.4 ಮಿಲಿಗ್ರಾಂ. ಲೆಕ್ಕ ಕಲಿಯೋಕೆ ಇದನ್ನು ಬರೆದಿದ್ದೇನೆ, ಔಷಧಿ ನಿರ್ಧರಿಸುವುದು ವೈದ್ಯರೇ. ಚುಚ್ಚುವುದು ಮೈಯ ಮುಂದಿನ ಅರ್ಧದಲ್ಲಿ. ಹಿಂಭಾಗದ ರಕ್ತ ಮೊದಲು ಮೂತ್ರಪಿಂಡಕ್ಕೆ ಹೋಗುವ ಸಾಧ್ಯತೆ ಇರುವುದರಿಂದ ಹೀಗೆ ಕಲಿಸುತ್ತಾರೆ.

ಮೂರು ದಿನಕ್ಕೊಮ್ಮೆ ಸಾಕಾಗುವುದು ಹಾವಿನ ದೇಹ ಔಷಧಿಯನ್ನು ನಿಧಾನವಾಗಿ ಹೊರಹಾಕುವುದರಿಂದ. ಆದರೆ ಈ ಲೆಕ್ಕ ಹಾವು ಬೆಚ್ಚಗಿದ್ದಾಗಿನದು. ಹಾವು ತನ್ನ ಮೈ ತಾನೇ ಬಿಸಿ ಮಾಡಿಕೊಳ್ಳುವುದಿಲ್ಲ, ತಣ್ಣಗಿದ್ದರೆ ರೋಗ ತಡೆಯುವ ಶಕ್ತಿಯೂ ಮಂಕಾಗುತ್ತದೆ. ಪೆಟ್ಟಿಗೆಯ ಬಿಸಿ ಬದಿ 29ರಿಂದ 31 ಡಿಗ್ರಿ, ತಂಪು ಬದಿ 24ರ ಆಸುಪಾಸು ಇರಲಿ. ರಾತ್ರಿಯೂ ಜಾಸ್ತಿ ಇಳಿಯಲು ಬಿಡಬೇಡಿ. ಪೆಟ್ಟಿಗೆ ಬಿಸಿ ಮಾಡುವ ಹೀಟ್ ಮ್ಯಾಟಿಗೆ ಬಿಸಿ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇಲ್ಲದಿದ್ದರೆ ಹೊಟ್ಟೆ ಸುಟ್ಟು ಇನ್ನೊಂದು ಗಾಯ ಆಗಬಹುದು.

ಕೆಳಗೆ ಮರದ ಹೊಟ್ಟು, ತೆಂಗಿನ ನಾರಿನ ಪುಡಿ ತೆಗೆದು ಬಿಳಿ ಪೇಪರ್ ಟವಲ್ ಹಾಸಿ. ಬಿಳಿ ಯಾಕೆಂದರೆ ರಕ್ತವೋ ರಸವೋ ಒಂದು ತೊಟ್ಟು ಬಿದ್ದರೂ ಕಾಣುತ್ತದೆ. ನೀರಿನ ಬಟ್ಟಲು ಕುಡಿಯುವಷ್ಟೇ ಸಣ್ಣದಿರಲಿ, ಒಳಗೆ ಮುಳುಗಿ ಕೂತರೆ ಗಾಯ ನೆನೆಯುತ್ತದೆ. ಆಹಾರಕ್ಕೆ ಅವಸರ ಇಲ್ಲ. ಆರೋಗ್ಯವಾಗಿದ್ದ ದೊಡ್ಡ ಕಾರ್ನ್ ಸ್ನೇಕ್ ಕೆಲವು ವಾರ ಉಪವಾಸ ತಡೆಯುತ್ತದೆ. ದೊಡ್ಡ ಇಲಿ ನುಂಗಿದರೆ ಗಾಯದ ಜಾಗ ಹಿಗ್ಗುತ್ತದೆ. ನಾವು ಹತ್ತು ದಿನ ಬಿಟ್ಟು, ಮಾಮೂಲಿಗಿಂತ ಸಣ್ಣ ಇಲಿ ಕೊಟ್ಟೆವು.

ದಿನಾ ನೋಡಬೇಕಾದ್ದು: ಊತ, ಗಟ್ಟಿ ಗಂಟು, ಬಣ್ಣ ಬದಲಾದ ಹುರುಪೆ. ಹೊಟ್ಟೆಯ ಹುರುಪೆಗಳು ಗುಲಾಬಿ ಅಥವಾ ಕೆಂಪಾದರೆ ರಕ್ತಕ್ಕೆ ಸೋಂಕು ಹರಡಿರಬಹುದು. ಆಗ ಗಂಟೆಗಳ ಲೆಕ್ಕ.

ಊರಿಂದ ಬಂದ ಪ್ರಶ್ನೆ

ಈ ವಿಷಯ ಹೇಳಿದಾಗ ಅಮ್ಮ ಫೋನಿನಲ್ಲಿ ಕೇಳಿದರು: "ನಮ್ಮ ಬೆಕ್ಕು ಹಿತ್ತಲಿಂದ ಹಾವಿನ ಮರಿ ಕಚ್ಚಿಕೊಂಡು ಬರುತ್ತಲ್ಲ, ಅದಕ್ಕೂ ಹೀಗೇ ಮಾಡಬಹುದಾ?" ಬೇಡ. ನಮ್ಮ ನೆಲದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಮನೆಯಲ್ಲಿಟ್ಟುಕೊಂಡು ಸಾಕುವ ಹಾಗಿಲ್ಲ. ಅದಕ್ಕಿಂತ ಮುಖ್ಯ, ವಿಷವಿಲ್ಲದ ತೋಳ ಹಾವು ಅಂತ ಕೈಯಲ್ಲಿ ಎತ್ತಿದ್ದು ಕಟ್ಟು ಹಾವಾಗಿರಬಹುದು, ಎರಡಕ್ಕೂ ಪಟ್ಟೆ ಇದೆ. ಬೆಕ್ಕನ್ನು ಒಳಗೆ ಹಾಕಿ, ದೂರ ನಿಂತು, ಅರಣ್ಯ ಇಲಾಖೆಗೋ ಊರಿನ ಅನುಭವಸ್ಥ ಹಾವು ಹಿಡಿಯುವವರಿಗೋ ಫೋನ್ ಮಾಡಿ, "ಬೆಕ್ಕು ಕಚ್ಚಿದೆ" ಅಂತ ಹೇಳಿ. ಆ ಮಾತು ಹೇಳದಿದ್ದರೆ ಗಾಯ ಕಾಣದೆ ಹಾಗೇ ಕಾಡಿಗೆ ಬಿಟ್ಟುಬಿಡಬಹುದು.

ಸಹಪಾಠಿಯ ಹಾವು ಗಾಯವಾದ ಮೇಲೆ ಪೊರೆ ಬಿಟ್ಟಿತು. ಮೊದಲ ಪೊರೆಯಲ್ಲಿ ಗಾಯದ ಜಾಗ ಅಂಟಿಕೊಂಡು ಹರಿದಿತ್ತು. ಒದ್ದೆ ಬಟ್ಟೆಯ ಮಡಿಕೆಯೊಳಗೆ ಹಾವನ್ನು ಅರ್ಧ ಗಂಟೆ ಬಿಟ್ಟ ಮೇಲೆ ಚೂರು ತಾನಾಗಿ ಬಂತು, ನಾವು ಎಳೆಯಲಿಲ್ಲ. ಎರಡನೇ ಪೊರೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿದೆವು. 45 ಸೆಂಟಿಮೀಟರಿನ ಹತ್ತಿರ ಒಂದು ಹುರುಪೆ ಮಾತ್ರ ಸ್ವಲ್ಪ ಸೊಟ್ಟಗಿತ್ತು.